ಇತುರಾಲ್ದೆಯ ಸೂರಿನ ಕೆಳಗಿನವರು

ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಪಾಂಪ್ಲೋನಾದ ಉತ್ತರಕ್ಕಿರುವ ಬಾಸ್ಕ್ ಬೆಟ್ಟಗಳಲ್ಲಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಹೀಗೆಯೇ. ಆಚೆ ದಿಬ್ಬದ ಮನೆಗಳ ಹೊಗೆ ಕಾಣುತ್ತದೆ, ಮನೆಗಳು ಕಾಣುವುದಿಲ್ಲ. ಇತುರಾಲ್ದೆ ಮನೆಯ ಅಡುಗೆಮನೆಯಲ್ಲಿ ಮುಸುಕಿನ ಜೋಳದ ತೆನೆಗಳು ಸೊಂಟದೆತ್ತರ ರಾಶಿ ಬಿದ್ದಿದ್ದವು. ನೆರೆಯ ಅರೆಚೆಯಾ ಮನೆಯಿಂದ ಚೊಮಿನ್ ಮಾವ, ಅವನ ಹೆಂಡತಿ, ಇಬ್ಬರು ಸೊಸೆಯರು ತಲೆಯ ಮೇಲೆ ಗೋಣಿಚೀಲ ಹೊದ್ದು ಬಂದು ಒಲೆಯ ಸುತ್ತ ಕೂತು ಸಿಪ್ಪೆ ಸುಲಿಯುತ್ತಿದ್ದರು. ನಿನ್ನೆ ಈ ಮನೆಯ ಮಿಕೇಲಜ್ಜಿಯೂ ಮೊಮ್ಮಗಳು ಕಾತಾಲಿನ್ನೂ ಅವರ ಮನೆಗೆ ಹೋಗಿ ಸುಲಿದು ಬಂದಿದ್ದರು, ಇಂದು ಅವರು ಇಲ್ಲಿಗೆ. ಹೊರಗೆ ಬೆಳಕು ಮುಗಿಯುತ್ತಿತ್ತು.

ಚೊಮಿನ್ ಮಾವನಿಗೆ ಕೆಂಪು ಕಾಳಿನ ತೆನೆ ಸಿಕ್ಕಿತು. ಕೆಂಪು ತೆನೆ ಸಿಕ್ಕವರು ಬೇಕಾದವರಿಂದ ಒಂದು ಮುತ್ತು ಕೇಳಬಹುದು. ಅವನು ಎದ್ದು ನಿಂತು, ಟೋಪಿ ತೆಗೆದು, ಎಪ್ಪತ್ತೈದು ದಾಟಿದ ಮಿಕೇಲಜ್ಜಿಯ ಮುಂದೆ ಬಾಗಿದ.

"ಮಿಕೇಲಕ್ಕಾ, ಕೆನ್ನೆ ಕೊಡು."

"ಮೊದ್ಲು ಗಡ್ಡ ಬೋಳಿಸ್ಕೊಂಡು ಬಾ. ಮುಳ್ಳುಹಂದಿ ಮುತ್ತು ಕೊಡ್ತು ಅಂತ ನಾಳೆ ಪಾದ್ರಿಗಳ ಹತ್ರ ಹೇಳ್ಕೊಳ್ಳೋಕಾಗುತ್ತಾ ನಾನು?"

ಎಲ್ಲರೂ ನಕ್ಕರು. ಕಾತಾಲಿನ್ ಮಾತ್ರ ನಗಲಿಲ್ಲ. ಅಜ್ಜಿ ಅದನ್ನು ಗಮನಿಸಿದಳು. ಬಸುರಿಯಾಗಿದ್ದ ಅರೆಚೆಯಾದ ಕಿರಿ ಸೊಸೆಯ ಬೆನ್ನಿಗೆ ಬಿಸಿ ಗೋಡೆ ತಾಗುವಂತೆ ತನ್ನ ಮಣೆಯನ್ನು ಅವಳಿಗೆ ಬಿಟ್ಟುಕೊಟ್ಟು, ತಾನು ಬಾಗಿಲ ಕಡೆಗೆ ಸರಿದು ಕೂತಳು. ಬಾಗಿಲ ಪಕ್ಕದ ಗೂಡಿನಲ್ಲಿ ಎಂದಿನಂತೆ ಮರದ ಬಟ್ಟಲಿತ್ತು. ಮಳೆ ಬಂದ ದಿನವೆಲ್ಲ ಅಜ್ಜಿ ಅದರಲ್ಲಿ ಬೆಚ್ಚಗಿನ ಹಾಲು ತುಂಬಿ ಸೂರಿನ ಕೆಳಗೆ ಇಡುತ್ತಿದ್ದಳು. ಮುಳ್ಳುಹಂದಿಗೆ ಎಂದು ಚಿಕ್ಕಂದಿನಿಂದ ಕಾತಾಲಿನ್ ನಂಬಿದ್ದಳು.

ಅವಳ ಎದೆಯೊಳಗೆ ನಿನ್ನೆಯ ಸಂತೆಯ ಮಾತು ಕೂತುಬಿಟ್ಟಿತ್ತು. ಅವಳು ಮದುವೆಯಾಗಲಿರುವ ಅನ್ಸೆಲ್ಮೊ ಈ ಮನೆಗೆ ಬಂದು ನೆಲೆಸುವವನು. ಚೀಸ್ ಮಾರುವ ಹೆಂಗಸರ ಸಾಲಿನಲ್ಲಿ ಅವನ ತಾಯಿ, ಕಾತಾಲಿನ್ ಹಿಂದೆಯೇ ನಿಂತಿದ್ದಾಳೆಂದು ಗೊತ್ತಿದ್ದೇ, ಗಟ್ಟಿಯಾಗಿ ಹೇಳಿದ್ದಳು: "ಇತುರಾಲ್ದೆನಾ? ಎಲ್ಲಿಯ ಇತುರಾಲ್ದೆ! ಆ ಮನೆ ಮುದುಕಿಯ ತಾಯಿ ಅನಾಥಾಲಯದ ಕೂಸು. ಹೆಸರು ಯಾರದೋ, ತೊಟ್ಕೊಂಡೋರು ಯಾರೋ. ನನ್ನ ಮಗ ಹೋಗಿ ಅದನ್ನ ತೊಟ್ಕೋಬೇಕಂತೆ." ನಾಳೆ ಮದುವೆಯ ಕರಾರು ಓದಲು ನೋಟರಿಯೂ ಅನ್ಸೆಲ್ಮೊನ ಮನೆಯವರೂ ಇದೇ ಅಡುಗೆಮನೆಗೆ ಬರುವವರಿದ್ದರು. ಮನೆಯ ಮುಂದಿನ ಒಡತಿ ಎಂದು ಕಾತಾಲಿನ್ ಅದಕ್ಕೆ ಸಹಿ ಹಾಕಬೇಕು. ಯಾವ ಹೆಸರು ಬರೆದು ಸಹಿ ಹಾಕುವುದು?

ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟು ಅವಳು ಕೇಳಿಯೇಬಿಟ್ಟಳು. "ಅಜ್ಜಿ, ನಾವು ನಿಜವಾಗ್ಲೂ ಇತುರಾಲ್ದೆನಾ?"

ಸಿಪ್ಪೆ ಹರಿಯುವ ಸದ್ದು ನಿಂತಿತು. ಚೊಮಿನ್ ಮಾವ ಒಲೆಯ ಕಡೆ ನೋಡಿದ.

"ಯಾಕೆ ಕೇಳ್ದೆ?"

"ಹೆಸರು ಯಾರದೋ, ತೊಟ್ಕೊಂಡೋರು ಯಾರೋ ಅಂತ ಅನ್ಸೆಲ್ಮೊ ಅಮ್ಮ ಸಂತೇಲಿ ಅಂದ್ರು. ನಮ್ಮದಲ್ಲದ ಹೆಸರನ್ನ ನಾನು ನಾಳೆ ಕಾಗದದ ಮೇಲೆ ಬರೆಯಲ್ಲ. ನಮ್ಮದಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ಪಾಂಪ್ಲೋನಾದಲ್ಲಿ ಎಲ್ಲಾದ್ರೂ ಕೆಲಸ ನೋಡ್ಕೋತೀನಿ."

ಅಜ್ಜಿಗೆ ಸಿಟ್ಟು ಬರಲಿಲ್ಲ. ಮಡಿಲಿನ ಸಿಪ್ಪೆಯನ್ನು ಕೊಡವಿ, ಸುಟ್ಟ ಚೆಸ್ಟ್‌ನಟ್ ಒಂದನ್ನು ಸುಲಿದು ಮೊಮ್ಮಗಳ ಕೈಗೆ ಕೊಟ್ಟಳು.

"ಬಾಯಿಗೆ ಹಾಕ್ಕೋ. ತಿಂತಾ ಕೇಳು. ನೀವೂ ಕೈ ನಿಲ್ಲಿಸ್ಬೇಡ್ರಪ್ಪ, ರಾಶಿ ಹಾಗೇ ಇದೆ. ಚೊಮಿನ್, ನಿಮ್ಮಜ್ಜನೂ ಬರ್ತಾನೆ ಇದ್ರಲ್ಲಿ, ತಪ್ಪಿದ್ರೆ ತಿದ್ದು…

ಮೊದಲು ಯಾವುದಿತ್ತು, ಮನೆಯೋ ಮನುಷ್ಯರೋ? ಹೇಳಿ ನೋಡೋಣ. ಮನುಷ್ಯರು ಅಂತೀರಿ. ಅಲ್ಲ ಕಣ್ರೇ. ಯಾವನೋ ಒಬ್ಬ ಕುರಿಯೋನು, ಅವನ ಹೆಸರು ಅವನ ಜೊತೆಗೇ ಮಣ್ಣಾಯ್ತು, ಮೇಲಿನ ಹುಲ್ಲುಗಾವಲಿಂದ ಇಳಿದು ಬಂದೋನು, ಈ ದಿಬ್ಬದಲ್ಲಿ ಬೇಸಿಗೇಲೂ ಬತ್ತದ ಒರತೆ ಕಂಡು, ಅದರ ಪಕ್ಕ ನಾಲ್ಕು ಕಲ್ಲಿಟ್ಟು ಒಲೆ ಹಚ್ಚಿದ. ಕೆಳಗಿನೋರು ಹೊಗೆ ನೋಡಿ, ಯಾರಪ್ಪ ಅಲ್ಲಿ ಅಂದ್ರು. ಒರತೆ ಪಕ್ಕದೋರು ಅಂದ್ರು. ನಮ್ಮ ಮಾತಲ್ಲಿ ಇತುರಾಲ್ದೆ ಅಂದ್ರೆ ಅಷ್ಟೇ ತಾನೆ? ಹೆಸರು ಬಿದ್ದಿದ್ದು ಆ ಕಲ್ಲಿಗೆ, ಆ ಒಲೆಗೆ. ಆಮೇಲೆ ಆ ಒಲೆ ಆರದ ಹಾಗೆ ನೋಡ್ಕೊಂಡೋರೆಲ್ಲ ಇತುರಾಲ್ದೆ ಆದ್ರು. ಒಂದು ಸಲ ಗಂಡುಮಕ್ಕಳಿಲ್ದೆ ಅಳಿಯ ಬಂದ, ಅವನೂ ಇತುರಾಲ್ದೆ ಆದ. ಇನ್ನೊಂದು ಸಲ ಪ್ಲೇಗು ಬಂದು ಮನೇನೇ ಬರಿದಾಗಿ, ಎಲ್ಲಿಂದಲೋ ಬಂದ ಗಂಡ ಹೆಂಡ್ತಿ ತಣ್ಣಗಾದ ಒಲೆಗೆ ಬೆಂಕಿ ಹಾಕಿದ್ರು, ಅವರೂ ಇತುರಾಲ್ದೆ ಆದ್ರು. ರಕ್ತ ಎಷ್ಟು ಸಲ ಬದಲಾಯ್ತೋ ಲೆಕ್ಕ ಇಟ್ಟೋರು ಯಾರು? ಆಮೇಲೆ ಯಾವಾಗ್ಲೋ ಇಗರ್ಜಿ ಪುಸ್ತಕ ಬಂತು, ಪಾದ್ರಿಗಳು ಶಾಯಿಯಲ್ಲಿ ಬರೆದ್ರು, ಬರೆದ ಮೇಲೆ ಜನಕ್ಕೆ ಅನ್ನಿಸ್ತು, ಓಹೋ ಇದು ನಮ್ಮದೇ ಹೆಸರು ಅಂತ. ಹಡಗು ಹತ್ತಿ ಅಮೆರಿಕಾಕ್ಕೆ ಹೋದೋರು ಅದನ್ನ ಪೆಟ್ಟಿಗೇಲಿ ಮಡಿಸಿಟ್ಕೊಂಡು ಹೋದ್ರು. ಒರತೆ ಮಾತ್ರ ಇಲ್ಲೇ ಉಳೀತು.

ನಮ್ಮಮ್ಮ ಫೆರ್ಮಿನಾ ಇಲ್ಲಿಗೆ ಬಂದಾಗ ಆರು ವರ್ಷ. ಪಾಂಪ್ಲೋನಾದ ಅನಾಥಾಲಯದೋರು ಬೆಟ್ಟದ ಮನೆಗಳಿಗೆ ಮಕ್ಕಳನ್ನ ಕೊಡ್ತಿದ್ರು. ಹೇಸರಗತ್ತೆ ಬೆನ್ನ ಮೇಲೆ ಎರಡು ಬುಟ್ಟಿ, ಒಂದರಲ್ಲಿ ಇವಳು, ಇನ್ನೊಂದರಲ್ಲಿ ತೂಕಕ್ಕೆ ಕಲ್ಲು. ಕೊರಳಲ್ಲಿ ದಾರ, ದಾರಕ್ಕೆ ಸೀಸದ ಬಿಲ್ಲೆ, ಬಿಲ್ಲೆ ಮೇಲೆ ಒಂದು ನಂಬರು. ಹೆಸರು ಎಸ್ಪೊಸಿತೊ. ತಾಯಿ ತಂದೆ ಗೊತ್ತಿಲ್ದೋರಿಗೆಲ್ಲ ಅದೇ ಹೆಸರು… ಹೊರಗೆ ಇಟ್ಟು ಹೋದದ್ದು ಅಂತ ಅದರ ಅರ್ಥ. ಒಂದು ಮಗೂಗೆ ಕೊಡೋ ಹೆಸರಾ ಅದು?

ಆಗ ಈ ಮನೆ ಒಡತಿ ಯೊಶೆಪಾ. ಗಂಡ ತೀರ್ಕೊಂಡಿದ್ದ, ಮಕ್ಕಳಿರ್ಲಿಲ್ಲ. ಮಾತು ಕಮ್ಮಿ, ಮುಖ ಗಂಟು. ಹುಡುಗೀನ ಬುಟ್ಟಿಯಿಂದ ಇಳಿಸಿ, ಕುರಿ ಉಣ್ಣೆ ಕತ್ತರಿಸೋ ಕತ್ತರಿ ತಗೊಂಡು ಮುಂದೆ ಬಂದ್ಲಂತೆ. ಅಮ್ಮ ಹೆದರಿ ಕಣ್ಣು ಮುಚ್ಕೊಂಡ್ಲು. ಕಚಕ್ ಅಂತ ಸದ್ದು. ಕಣ್ಣು ಬಿಟ್ಟರೆ ಬಿಲ್ಲೆ ನೆಲದ ಮೇಲೆ. ಯೊಶೆಪಾ ಅಂದ್ಲಂತೆ, 'ಈ ಮನೇಲಿ ಕೊರಳಿಗೆ ಕಟ್ಟೋದು ಕುರಿಗೆ ಮಾತ್ರ. ಕೈ ತೊಳ್ಕೋ, ಸೂಪು ಆರೋಗುತ್ತೆ.' ಅಷ್ಟೇ. ಮುದ್ದು ಗಿದ್ದು ಏನಿಲ್ಲ. ಆದರೆ ಸಾಯೋ ತನಕ ಅಮ್ಮ ಆ ಕಚಕ್ ಸದ್ದನ್ನ ನೆನೆಸ್ಕೊಂಡು ಕಣ್ಣು ಒರೆಸ್ಕೋತಿದ್ಲು…

ಮೊದಲ ಮಳೆ ಬಂದ ದಿನ, ಇದೇ ಹೊತ್ತು. ಅಮ್ಮ ಆ ಹೊಸಲಿನ ಮೇಲೆ ಕೂತು ಸೂರಿನ ನೀರು ನೋಡ್ತಿದ್ಲು. ಇದ್ದಕ್ಕಿದ್ದ ಹಾಗೆ ಒಳಗೆ ತಿರುಗಿ, 'ಅಮ್ಮಾ, ಹೊರಗೆ ಯಾರೋ ಮಕ್ಕಳು ಅಳ್ತಿದಾರೆ' ಅಂದ್ಲು. ಯೊಶೆಪಾ ಕೈಯಲ್ಲಿದ್ದ ಸೌಟು ಬಿತ್ತು. 'ಎಷ್ಟು ಜನ?' ಅಂತ ಕೇಳಿದ್ಲು. ಯಾರು ಅಂತ ಕೇಳ್ಲಿಲ್ಲ ನೋಡಿ, ಎಷ್ಟು ಜನ ಅಂತ ಕೇಳಿದ್ಲು! ಅಮ್ಮ ಬೆರಳು ಮಡಿಸ್ತಾ ಮಡಿಸ್ತಾ ಹೇಳಿದ್ಲು… ಒಂಬತ್ತು."

ಅರೆಚೆಯಾದ ಕಿರಿ ಸೊಸೆಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಜ್ಜಿ ಅವಳ ಮೊಣಕಾಲನ್ನು ಮೆಲ್ಲಗೆ ತಟ್ಟಿದಳು.

"ನೀನು ಹೆದರ್ಬೇಡ ಮಗಳೇ. ಇದು ಹೆದರೋರ ಕತೆ ಅಲ್ಲ, ಕೊನೇ ತನಕ ಕೇಳು.

ಜ್ಞಾನಸ್ನಾನ ಆಗೋ ಮುಂಚೆ ತೀರ್ಕೊಂಡ ಕೂಸುಗಳಿಗೆ ಆಗ ಇಗರ್ಜಿ ಮಣ್ಣಿರ್ಲಿಲ್ಲ. ಹಾಗಂತ ಕಾಡಲ್ಲಿ ಹೂಳೋಕೆ ಯಾವ ತಾಯಿ ಒಪ್ತಾಳೆ? ಮನೆ ಸೂರಿನ ಕೆಳಗೆ, ಹೆಂಚಿನ ನೀರು ಬೀಳೋ ಸಾಲಿನ ಒಳಗೆ ಇಡ್ತಿದ್ರು. ಮನೇದೇ ಮಾಡಿನ ಕೆಳಗೆ ಮಲಗಿರ್ಲಿ ಅಂತ. ಈ ಕಣಿವೇಲಿ ಯಾವ ಮನೆಯೋರೂ ಸೂರಿನ ಕೆಳಗೆ ಗುದ್ದಲಿ ಹಾಕಲ್ಲ, ಯಾಕೆ ಅಂತ ಬಾಯಿ ಬಿಟ್ಟು ಹೇಳೋದೂ ಇಲ್ಲ. ಇತುರಾಲ್ದೆ ಸೂರಿನ ಕೆಳಗೆ ಒಂಬತ್ತು. ಅದರಲ್ಲಿ ಕೊನೇ ಮೂರು ಯೊಶೆಪಾ ಹೆತ್ತವು. ಅವುಗಳಿಗೆ ಹೆಸರಿಲ್ಲ. ಹೆಸರಿಲ್ಲ ಅಂದ್ರೆ ಇಗರ್ಜೀಲಿ ದೀಪ ಇಲ್ಲ, ಪಾದ್ರಿಗಳ ಬಾಯಲ್ಲಿ ಪ್ರಾರ್ಥನೆ ಇಲ್ಲ.

ಯೊಶೆಪಾ ಇಷ್ಟನ್ನೂ ಆ ಆರು ವರ್ಷದ ಹುಡುಗಿಗೆ ಹೇಳಿದ್ಲು. ಇನ್ಯಾರಿಗೆ ಹೇಳ್ತಾಳೆ? ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ, 'ನಂಗೂ ಇಲ್ವಲ್ಲ' ಅಂದು, ತನ್ನ ಪಾಲಿನ ಹಾಲು ಎತ್ಕೊಂಡು ಹೊರಗೆ ಹೋದ್ಲು. ಬಟ್ಟಲು ಸೂರಿನ ಕೆಳಗೆ ಇಟ್ಟು ಏನಂದ್ಲು ಗೊತ್ತಾ? 'ಇತುರಾಲ್ದೆಯ ದೊಡ್ಡೋನೇ, ಇತುರಾಲ್ದೆಯ ಎರಡನೆಯೋಳೇ, ಇತುರಾಲ್ದೆಯ ಮೂರನೆಯೋನೇ…' ಹೀಗೆ ಒಂಬತ್ತೂ ಕರೆದು, 'ಹಾಲು ಬಂತು, ಅಳ್ಬೇಡಿ' ಅಂದ್ಲು. ತನಗಿಲ್ಲದ ಹೆಸರನ್ನ ಅವಕ್ಕೆ ಹಂಚಿದ್ಲು. ಅಳು ನಿಂತುಹೋಯ್ತು. ಮಳೆ ಬಂದ ದಿನ ಒಂದೂ ತಪ್ಪಿಸ್ದೆ, ಹದಿನಾಲ್ಕು ವರ್ಷ."

ಕಾತಾಲಿನ್ ಗೂಡಿನಲ್ಲಿದ್ದ ಮರದ ಬಟ್ಟಲನ್ನು ನೋಡಿದಳು. ಅದರ ಅಂಚು ಒಂದು ಕಡೆ ಸವೆದು ತೆಳುವಾಗಿತ್ತು. ಮುಳ್ಳುಹಂದಿಯ ಮಾತನ್ನು ಅವಳು ಎತ್ತಲಿಲ್ಲ.

"ಅಮ್ಮನಿಗೆ ಇಪ್ಪತ್ತಾದಾಗ ಯೊಶೆಪಾ ಹೋದ್ಲು. ಹೋಗೋ ಮುಂಚೆ ಮೊದಲ ನೆರೆಮನೆ ಅರೆಚೆಯಾದ ಬೆಲ್ತ್ರಾನನ್ನ ಕರೆಸಿ, ಸಾವು ನೋವಿಗೆ ಮೊದಲು ಕರೆಯೋದು ಅವರನ್ನೇ ತಾನೆ, 'ಮನೆ ಫೆರ್ಮಿನಾಗೆ' ಅಂತ ಬಾಯಲ್ಲಿ ಹೇಳಿದ್ಲು. ನಮ್ಮ ಚೊಮಿನ್‌ನ ಅಜ್ಜ ಅವನು. ಕಾಗದ ಮಾಡ್ಸೋಕೆ ಹೊತ್ತು ಸಿಗ್ಲಿಲ್ಲ. ಅಮ್ಮ ಮಾಡು ಹತ್ತಿ ಒಂದು ಹೆಂಚು ಸರಿಸಿ ಜೀವಕ್ಕೆ ದಾರಿ ಬಿಟ್ಲು, ಆಮೇಲೆ ಜೇನುಗೂಡುಗಳ ಹತ್ರ ಹೋಗಿ ಮೆಲ್ಲಗೆ ತಟ್ಟಿ, 'ನಿಮ್ಮ ಒಡತಿ ಹೋದ್ರು, ದೀಪಕ್ಕೆ ಇನ್ನೂ ಮೇಣ ಬೇಕು, ಮಾಡ್ಕೊಡಿ' ಅಂದ್ಲು. ಆ ಮೇಣದಿಂದ ಬತ್ತಿ ಹೊಸೆದು ಸತ್ತೋರ ದೀಪಕ್ಕೆ ಅಂತ ಈ ಮನೇಲಿರೋ ಮರದ ಹಲಗೆಗೆ, ಮೇಣದ ಹಲಗೆ ಅಂತೀವಲ್ಲ, ಅದಕ್ಕೆ ಸುತ್ತಿ, ವರ್ಷವಿಡೀ ಭಾನುವಾರ ಭಾನುವಾರ ಇಗರ್ಜಿಗೆ ತಗೊಂಡು ಹೋಗ್ತಿದ್ಲು. ಅಲ್ಲಿ ನೆಲದ ಮೇಲೆ ಒಂದೊಂದು ಮನೆಗೆ ಒಂದೊಂದು ಜಾಗ ಇದೆಯಲ್ಲ, ಮನೆಯೊಡತಿ ಕೂತು ಮನೆಯ ಸತ್ತೋರಿಗೆ ದೀಪ ಹಚ್ಚೋ ಜಾಗ. ಅಮ್ಮ ಅಲ್ಲಿ ಕೂರ್ತಿರ್ಲಿಲ್ಲ. ಕಂಬದ ಹಿಂದೆ ನಿಂತು ಹಚ್ಚಿ, ಹಿಡ್ಕೊಂಡಿರ್ತಿದ್ಲು. ಎಸ್ಪೊಸಿತೊ ಹೋಗಿ ಇತುರಾಲ್ದೆಯ ಜಾಗದಲ್ಲಿ ಕೂತ್ಲು ಅಂತ ಯಾರೂ ಅನ್ಬಾರ್ದು ನೋಡಿ.

ಹನ್ನೊಂದು ತಿಂಗಳಾಯ್ತು… ಆಗ ಬಂದ ಸಾತುರ್ನಿನೊ.

ಯೊಶೆಪಾ ಗಂಡನ ತಮ್ಮನ ಮಗ. ಅವರಪ್ಪ ಈ ಮನೇಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಹೆಂಡ್ತೀನ ಕರ್ಕೊಂಡು ಬ್ಯೂನಸ್ ಐರಿಸ್‌ಗೆ ಹೋದೋನು. ಮಗ ಅಲ್ಲೇ ಹುಟ್ಟಿದೋನು. ಬಿಳಿ ಪ್ಯಾಂಟು, ಚಿನ್ನದ ಸರದ ಗಡಿಯಾರ, ಜೊತೆಗೆ ಗೋಣಿ ಸುತ್ತಿದ ಒಂದು ತಾಳೆ ಸಸಿ! ಅಮೆರಿಕಾದಿಂದ ದುಡ್ಡು ಮಾಡ್ಕೊಂಡು ಬಂದೋರೆಲ್ಲ ಮನೆ ಮುಂದೆ ತಾಳೆ ನೆಡ್ತಿದ್ರಲ್ಲ, ಹಾಗೆ. ಕಾನೂನಿನ ಪ್ರಕಾರ ಮನೆ ಅವನದೇ. ಅಂಗಳದಲ್ಲಿ ನಿಂತು, 'ನಿನ್ನ ಹೆಸರೇನು ಹುಡುಗಿ?' ಅಂದ.

'ಫೆರ್ಮಿನಾ.'

'ಫೆರ್ಮಿನಾ ಏನು?'

ಅಮ್ಮ ಹೇಳಿದ್ಲು. ಅವನು ನಕ್ಕ. ಕೆಟ್ಟ ಮನುಷ್ಯ ಅಲ್ಲ ಕಣ್ರೇ, ನಗಬಾರದ ಕಡೆ ನಗೋನು ಅಷ್ಟೆ. 'ನೋಡು, ನಾನು ಇತುರಾಲ್ದೆ, ನಾನು ಹುಟ್ಟಿದ್ದು ಸಮುದ್ರದಾಚೆ. ನೀನು ಈ ಒಲೆ ಬುಡದಲ್ಲೇ ಬೆಳೆದೋಳು, ಆದ್ರೂ ನೀನಲ್ಲ. ದೇವರ ತಮಾಷೆ. ದೊಡ್ಡಮ್ಮನ ವರ್ಷದ ಪೂಜೆ ಮುಗಿದ ಮಾರನೇ ದಿನ ನಿನ್ನ ಬುತ್ತಿ ಕಟ್ಟು, ಪಾಂಪ್ಲೋನಾಕ್ಕೆ ಗಾಡಿ ನಾನೇ ಮಾಡ್ಕೊಡ್ತೀನಿ' ಅಂದ. ಅಂದು, ಊರುಗೋಲಿಂದ ಸೂರಿನ ಕೆಳಗೆ ಒಂದು ಗೀಟು ಎಳೆದ. 'ಮೊದಲು ಇಲ್ಲಿ ತಾಳೆ ನೆಡ್ಬೇಕು.'

ಅಮ್ಮ ಓಡಿ ಬಂದು ಆ ಗೀಟಿನ ಮೇಲೆ ನಿಂತ್ಲು. 'ಯಜಮಾನ್ರೇ, ಹೊಲ ಇದೆ, ತೋಟ ಇದೆ, ಎಲ್ಲಾದ್ರೂ ಅಗೀರಿ. ಇಲ್ಲಿ ಬೇಡ.'

'ಯಾಕೆ?'

'ಮಕ್ಕಳು ಮಲಗಿದಾರೆ.'

ಅವನು ಅತ್ತ ಇತ್ತ ನೋಡಿ ಮತ್ತೂ ನಕ್ಕ. ಈ ಕಣಿವೇಲಿ ಬೆಳೆದೋನಾಗಿದ್ರೆ ಆ ಮಾತಿಗೆ ಟೋಪಿ ತೆಗೀತಿದ್ದ. ಹೆಸರು ಹಡಗು ಹತ್ತಿ ಹೋಗಿತ್ತು, ಸೂರು ಹೋಗಿರ್ಲಿಲ್ಲ, ಅವನಿಗೆ ಹೇಗೆ ಗೊತ್ತಾಗ್ಬೇಕು? ಆಳು ಕರೆದ. ಒಬ್ಬನೂ ಬರ್ಲಿಲ್ಲ. 'ಆಗ್ಲಿ, ಭಾನುವಾರ ಪೂಜೆ ಮುಗಿಸಿ ಬಂದು ನಾನೇ ಅಗೀತೀನಿ' ಅಂತ ಗುದ್ದಲೀನ ಈ ಗೋಡೆಗೆ ಒರಗಿಸಿಟ್ಟ. ಅಮ್ಮನಿಗೆ ಆ ನಾಲ್ಕು ದಿನ ತನ್ನ ಬುತ್ತಿ ಚಿಂತೆ ಇರ್ಲಿಲ್ಲ. ಮಳೇಲಿ ಬಟ್ಟಲು ಇಡ್ತಾ ಇಡ್ತಾ, 'ನಾನು ಹೋದ ಮೇಲೆ ನಿಮ್ಮನ್ನ ಕರೆಯೋರು ಯಾರು?' ಅಂತ ಕೇಳ್ತಿದ್ಲಂತೆ. ಶನಿವಾರ ಸಂಜೆ ಬಟ್ಟಲಿನ ಹಾಲು ಹಾಗೇ ಉಳಿದಿತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ…

ಭಾನುವಾರ ಬೆಳಗ್ಗೆ ಹತ್ತು ಗಂಟೆ. ಕಣಿವೆಗೆ ಕಣಿವೇನೇ ಇಗರ್ಜೀಲಿ. ಹೆಂಗಸರು ಕೆಳಗೆ ಅವರವರ ಮನೆ ಜಾಗದಲ್ಲಿ, ಗಂಡಸರು ಮೇಲಿನ ಅಟ್ಟಣಿಗೇಲಿ. ಸಾತುರ್ನಿನೊ ಬಂದ. ಬಂದೋನು ಮೆಟ್ಲು ಹತ್ತಿ ಗಂಡಸರ ಜೊತೆ ಕೂರ್ತಾನಾ? ಇಲ್ಲ! ಹೆಂಗಸರ ಮಧ್ಯೆ ಹಾಯ್ದು ಬಂದು, ಇತುರಾಲ್ದೆ ಜಾಗದಲ್ಲಿ ಕುರ್ಚಿ ಹಾಕಿಸಿ, ಕಾಲ ಮೇಲೆ ಕಾಲು ಹಾಕಿ ಕೂತ!"

"ಅಯ್ಯೋ!" ಎಂದು ಚೊಮಿನ್‌ನ ಹೆಂಡತಿ ಬಾಯಿಗೆ ಏಪ್ರನ್ನಿನ ತುದಿ ಒತ್ತಿಕೊಂಡಳು.

"ಅಯ್ಯೋ ಅಂದ್ರೆ! ಕರಿ ಮುಸುಕುಗಳೆಲ್ಲ ಗದಗದ ಅಂತ ಅಲುಗಾಡಿದ್ವಂತೆ ನಗು ತಡೀಲಾರದೆ. ಮೇಲಿಂದ ಯಾರೋ, 'ಯಜಮಾನಿಯೋರು ತಲೆಗೆ ಮುಸುಕು ಹಾಕೋದು ಮರೆತಿದಾರೆ' ಅಂದ್ರು. ಅವನಿಗೆ ಅರ್ಥವಾಗ್ಲಿಲ್ಲ. ಪೇಟೆಯಿಂದ ತಂದ ಬಿಳಿ ಮೇಣದಬತ್ತಿ ತೆಗೆದು ಕಡ್ಡಿ ಗೀರಿದ. ಹತ್ತಿತು. ಆರಿತು. ಇನ್ನೊಂದು ಗೀರಿದ. ಹತ್ತಿತು… ಆರಿತು. ಗಾಳಿ ಅಂದ. ಎಲ್ಲಿಯ ಗಾಳಿ? ಆಜುಬಾಜು ಮನೆಗಳ ದೀಪ ಅಲ್ಲಾಡ್ಲೂ ಇಲ್ಲ. ಮೂರನೇದು ಗೀರಿದಾಗ ಹಿಂದೆ ದೊಡ್ಡ ಬಾಗಿಲು ಕಿರ್ ಅಂತು.

ಎಲ್ಲರೂ ತಿರುಗಿ ನೋಡಿದ್ರು. ಬಾಗಿಲು ಒಂದು ಮೊಳ ತೆರೆದಿತ್ತು. ಹೊರಗೆ ಮಳೆ. ಯಾರೂ ಇರ್ಲಿಲ್ಲ.

ಆಮೇಲೆ ಹೊಸಲ ಒಳಗಿನ ಕಲ್ಲಿನ ಮೇಲೆ ಒಂದು ಒದ್ದೆ ಗುರುತು ಮೂಡ್ತು. ನನ್ನ ಹೆಬ್ಬೆರಳಿನಷ್ಟುದ್ದ. ಅದರ ಮುಂದೆ ಇನ್ನೊಂದು. ಅದರ ಮುಂದೆ ಇನ್ನೊಂದು… ಪಾದ, ಕಣ್ರೇ. ಐದೈದು ಬೆರಳಿನ ಪಾದ, ಸೂರಿನ ಮಣ್ಣು ಮೆತ್ತಿದ್ದು. ಒಂದು ಜೊತೆ, ಅದರ ಹಿಂದೆ ಎರಡನೇ ಜೊತೆ, ಮೂರನೇದು… ನಡಿಯೋಕೆ ಕಲೀದೇ ಹೋದ ಕೂಸುಗಳು ಹೇಗೆ ನಡೆದು ಬಂದ್ವು ಅಂತ ಕೇಳ್ತೀರಾ? ಹದಿನಾಲ್ಕು ವರ್ಷ ಹಾಲು ಕುಡಿದ ಮಕ್ಕಳು ನಡೀದೇ ಇರ್ತಾವಾ? ಹೆಂಗಸರು ಲಂಗ ಎತ್ತಿ ದಾರಿ ಬಿಟ್ರು. ಒಬ್ಬಳೂ ಕಿರುಚ್ಲಿಲ್ಲ. ಯಾಕೆ ಅಂದ್ರೆ ಅಲ್ಲಿದ್ದೋರಲ್ಲಿ ಸೂರಿನ ಕೆಳಗೆ ಒಬ್ಬರನ್ನಾದ್ರೂ ಇಡದ ಮನೆ ಯಾವುದಿತ್ತು? ಒಬ್ಬಳು ಮುದುಕಿ ಬಾಗಿ ತನ್ನ ಮುಸುಕಿನ ತುದಿಯಿಂದ ಒಂದು ಪಾದದ ನೀರು ಒರೆಸೋಕೆ ಹೋದ್ಲಂತೆ, ಶೀತ ಆಗುತ್ತೆ ಅಂತ.

ಗುರುತುಗಳು ಸಾತುರ್ನಿನೊ ಕುರ್ಚಿ ಸುತ್ತ ಒಂದು ಸುತ್ತು ಬಂದ್ವು. ಅವನ ಬಿಳಿ ಪ್ಯಾಂಟಿನ ಮೊಣಕಾಲ ಮೇಲೆ ಒಂದು ಪುಟ್ಟ ಕೆಸರು ಕೈ ಮೂಡ್ತು. ಎದ್ದು ನಿಲ್ಲೋಕೆ ಮಕ್ಕಳು ಮೊಣಕಾಲು ಹಿಡ್ಕೋತಾವಲ್ಲ, ಹಾಗೆ. ಅಲ್ಲಿಂದ ಅವು ಕಂಬದ ಕಡೆ ಹೋದ್ವು. ಹೋಗಿ ನಮ್ಮಮ್ಮನ ಸುತ್ತ ನಿಂತ್ವು. ಅವಳ ಕೈಯಲ್ಲಿದ್ದ ಮೇಣದ ಹಲಗೆ ಇನ್ನೂ ಹಚ್ಚಿರ್ಲಿಲ್ಲ… ಯಾರೂ ಕಡ್ಡಿ ಗೀರಲಿಲ್ಲ… ಬತ್ತಿ ತಾನಾಗಿ ಹೊತ್ಕೊಳ್ತು.

ಆಗ ಮಾತು ಬಂತು. ಆಗ ತಾನೆ ಮಾತು ಕಲಿತ ಕೂಸಿನ ದನಿ, ಮೊಣಕಾಲೆತ್ತರದಿಂದ. 'ಇತುರಾಲ್ದೆಯ ದೊಡ್ಡೋನು.' ಇನ್ನೊಂದು ದನಿ. 'ಇತುರಾಲ್ದೆಯ ಎರಡನೆಯೋಳು.' ಒಂದೊಂದಾಗಿ ಒಂಬತ್ತೂ, ಅವಳು ಹೇಳಿಕೊಟ್ಟ ಹಾಗೇ, ಒಂದಕ್ಷರ ತಪ್ಪದೆ! ಆಮೇಲೆ ಒಂಬತ್ತೂ ಒಟ್ಟಿಗೆ, ಕಲ್ಲಿನ ಗೋಡೆ ಗುಂಯ್ ಅನ್ನೋ ಹಾಗೆ ಅಂದ್ವು, 'ನಮ್ಮಮ್ಮ. ಫೆರ್ಮಿನಾ ಇತುರಾಲ್ದೆ.'"

ಒಲೆಯೊಳಗೆ ಕೊರಡೊಂದು ಸಿಡಿಯಿತು. ಯಾರ ಕೈಯೂ ಈಗ ತೆನೆಯ ಮೇಲಿರಲಿಲ್ಲ, ಅಜ್ಜಿಯೂ ಬೈಯಲಿಲ್ಲ.

"ಮೇಲೆ ಅಟ್ಟಣಿಗೇಲಿ ಬೆಲ್ತ್ರಾನ್ ಎದ್ದ. ಏನಂದ ಚೊಮಿನ್?"

ಚೊಮಿನ್ ಮಾವ ಎದ್ದು ನಿಂತ. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಮುಖ ಅದಲ್ಲ. "'ಮೊದಲ ನೆರೆಮನೆ ಅರೆಚೆಯಾ ಸಾಕ್ಷಿ! ಯೊಶೆಪಾ ಮನೆ ಇವಳಿಗೇ ಕೊಟ್ಲು, ನಾನು ಕಿವಿಯಾರೆ ಕೇಳಿದೀನಿ!' ಅಂದ."

"ಅಂದ! ಅಂದದ್ದೇ ತಡ, ಕೆಳಗೆ ಅವನ ಹೆಂಡತಿ ಹೋಗಿ ಅಮ್ಮನ ಕೈ ಹಿಡಿದು, ಕಂಬದ ಹಿಂದಿಂದ ಎಳೆದು ತಂದು, ಸಾತುರ್ನಿನೊ ಕುರ್ಚೀನ ಕಾಲಿಂದ ಪಕ್ಕಕ್ಕೆ ತಳ್ಳಿ, ಇತುರಾಲ್ದೆ ಜಾಗದಲ್ಲಿ ಕೂರಿಸಿದ್ಲು. ಅಷ್ಟೂ ಮನೆಯ ಒಡತಿಯರು ಎದ್ದು ನಿಂತ್ರು. ನಿಂತು, ತಂತಮ್ಮ ಮನೆ ದೀಪ ತಂದು ಅವಳ ದೀಪದ ಸುತ್ತ ಇಟ್ರು. ಯಾರೋ ಗಂಟೆ ಎಳೆದ್ರು, ಹಬ್ಬದ ದಿನ ಹೊಡೆದ ಹಾಗೆ ಹೊಡೀತಂತೆ ಅದು. ಪಾದ್ರಿ ದೊನ್ ಇಲಾರಿಯೊ ಪುಸ್ತಕ ಬಿಚ್ಚಿ ಆ ಒಂಬತ್ತು ಹೆಸರನ್ನೂ ಬಾಯಿ ತುಂಬ ಕರೆದು ಪ್ರಾರ್ಥನೆ ಮಾಡಿದ್ರು. ಬಿಷಪ್‌ರು ಕೇಳಿದ್ರೆ ಏನು ಹೇಳ್ತೀರಿ ಅಂದ್ರೆ, 'ಹೆಸರು ಹೇಳ್ಕೊಂಡು ಬಾಗಿಲಿಗೆ ಬಂದೋರನ್ನ ಆಚೆ ಕಳ್ಸೋಕೆ ನನ್ನಿಂದಾಗ್ಲಿಲ್ಲ ಅಂತೀನಿ' ಅಂದ್ರಂತೆ.

ಸಾತುರ್ನಿನೊ ಆವತ್ತು ಗುದ್ದಲಿ ಮುಟ್ಲಿಲ್ಲ. ಮಳೇಲಿ ಸೂರಿನ ಕೆಳಗೆ ಬಹಳ ಹೊತ್ತು ನಿಂತಿದ್ದು, ಆ ಕೆಸರು ಕೈ ಗುರುತನ್ನ ಸವರ್ತಾ, 'ಅಪ್ಪ ಯಾವತ್ತೂ ಹೇಳ್ಲಿಲ್ಲ. ಅಮ್ಮ ಮಾತ್ರ ಸಾಯೋವಾಗ ಅಂದ್ಲು, ನಿನಗೊಬ್ಬ ಅಣ್ಣ ಇದ್ದ ಅಂತ. ಇವರಲ್ಲಿ ಯಾರು ಅವನು?' ಅಂದ.

'ಆರನೆಯೋನು' ಅಂದ್ಲು ಅಮ್ಮ. 'ಸ್ವಲ್ಪ ತುಂಟ. ಹಾಲು ಚೆಲ್ತಾನೆ.'

ಅವನು ಟೋಪಿ ತೆಗೆದ. ಅಮ್ಮ ಬಟ್ಟಲನ್ನ ಅವನ ಕೈಗೇ ಕೊಟ್ಲು, ನೀವೇ ಇಡಿ ಅಂತ. ಮಾರನೇ ದಿನ ನೋಟರಿ ಹತ್ರ ಹೋಗಿ ಮನೆ ಬರೆದುಕೊಟ್ಟು, ತಾಳೆ ಸಸೀನ ಕೆಳಗೆ ಪೇಟೆ ಚೌಕದಲ್ಲಿ ನೆಟ್ಟು, ಹಡಗು ಹತ್ತಿದ. ಈಗ್ಲೂ ಇದೆ ಆ ಮರ, ಅದರ ಕೆಳಗೇ ಕೂತಿರ್ತಾರೆ ಚೀಸ್ ಮಾರೋರು. ಬದುಕಿರೋ ತನಕ ವರ್ಷಕ್ಕೊಂದು ಡಬ್ಬಿ ಹಾಲಿನ ಮಿಠಾಯಿ ಕಳಿಸ್ತಿದ್ದ, 'ಆರನೆಯೋನಿಗೆ' ಅಂತ ಮೇಲೆ ಬರೆದು. ಉಳಿದ ಎಂಟಕ್ಕೂ ಹಂಚ್ತಿದ್ಲು ಅಮ್ಮ. ಬೆಲ್ತ್ರಾನನ ಎರಡನೇ ಮಗ ಪೆಲ್ಲೊ ಅವಳನ್ನ ಮದುವೆಯಾಗಿ ಈ ಮನೆಗೆ ಬಂದು ಇತುರಾಲ್ದೆ ಆದ. ಅವನೇ ನಮ್ಮಪ್ಪ.

ಸರಕಾರಿ ಪುಸ್ತಕದಲ್ಲಿ ಮಾತ್ರ ಅಮ್ಮ ಇನ್ನೂ ಬಹಳ ವರ್ಷ ಎಸ್ಪೊಸಿತೊ ಆಗೇ ಇದ್ಲು. ಆ ಹೆಸರು ಬೇಡ ಅನ್ನೋರು ಬದಲಾಯಿಸ್ಕೋಬಹುದು ಅಂತ ಕಾನೂನು ಬಂದಾಗ ತಲೆ ನರೆತಿತ್ತು. ನಾನೇ ಪಾಂಪ್ಲೋನಾಕ್ಕೆ ಕರ್ಕೊಂಡು ಹೋಗಿದ್ದೆ. ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, 'ಇತುರಾಲ್ದೆ ಅನ್ನೋ ಈ ಹೆಸರು ನಿನಗೆ ಯಾರು ಕೊಟ್ಟಿದ್ದಮ್ಮ?' ಅಂದ. ಅಮ್ಮ ಬೆನ್ನು ನೆಟ್ಟಗೆ ಮಾಡ್ಕೊಂಡು ಹೇಳಿದ್ಲು, 'ನನ್ನ ಮಕ್ಕಳು.' ಅವನು ಬರ್ಕೊಂಡ."

ಸಂತೆಯಲ್ಲಿ ತಲೆ ತಗ್ಗಿಸಿ ಬಂದದ್ದು ನೆನಪಾಗಿ ಕಾತಾಲಿನ್‌ಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವಳು ಎದ್ದು, ಯಾರೂ ಹೇಳುವ ಮೊದಲೇ ಗೂಡಿನಿಂದ ಬಟ್ಟಲು ತೆಗೆದು, ಒಲೆಯ ಬದಿಯಲ್ಲಿದ್ದ ಹಾಲನ್ನು ಅಂಚಿನವರೆಗೆ ಬಗ್ಗಿಸಿದಳು.

"ನಾಳೆ ಎಷ್ಟು ಹೊತ್ತಿಗೆ ಬರ್ತಾರೆ ನಿನ್ನ ಅತ್ತೆಯಾಗೋರು?" ಅಜ್ಜಿ ಕೇಳಿದಳು.

"ಹನ್ನೊಂದಕ್ಕೆ."

"ಮಳೆ ನಿಲ್ಲಲ್ಲ ನಾಳೇನೂ. ಹಿತ್ತಿಲ ಬಾಗಿಲಿಂದ ಕರ್ಕೊಂಡು ಬರ್ಬೇಡ. ಮುಂದಿನ ಸೂರಿನ ಕೆಳಗಿಂದಾನೇ ಕರ್ಕೊಂಡು ಬಾ, ನಿಧಾನಕ್ಕೆ. ಹೆಸರು ಯಾರದು ಅಂತ ಅವರು ಕೇಳಿದ್ರಲ್ಲ… ಕೇಳಿಸ್ಕೊಳ್ಳಲಿ."

ಚೊಮಿನ್ ಮಾವ ಗಹಗಹಿಸಿ ನಕ್ಕ. "ಅಕ್ಕಾ, ಆ ಹೆಂಗಸಿನ ಮುಖ ನೋಡೋಕೆ ನಾಳೆ ನಾನು ಕೆಲಸ ಬಿಟ್ಟು ಬರ್ತೀನಿ! ಗಡ್ಡ ಬೋಳಿಸ್ಕೊಂಡೇ ಬರ್ತೀನಿ!"

ಕಾತಾಲಿನ್ ಹೊರಗೆ ಹೋದಳು. ಹೆಂಚಿನಿಂದ ನೀರು ದಾರ ದಾರವಾಗಿ ಇಳಿಯುತ್ತಿತ್ತು. ಆ ದಾರಗಳ ಒಳಗೆ, ಒಣ ನೆಲದ ಮೇಲೆ ಬಟ್ಟಲಿಟ್ಟು, ಮೊದಮೊದಲು ನಾಚಿಕೆಯಿಂದ, ಆಮೇಲೆ ದನಿ ತೆರೆದು, ಒಬ್ಬೊಬ್ಬರನ್ನೇ ಕರೆದಳು. ಒಂಬತ್ತನೆಯದನ್ನು ಕರೆದು ಮುಗಿಸಿ, "ನಾನು ಕಾತಾಲಿನ್. ಕಾತಾಲಿನ್ ಇತುರಾಲ್ದೆ" ಎಂದಳು. ಬೆನ್ನ ಹಿಂದೆ ನೀರಿನ ಸದ್ದು ಮಾತ್ರ ಇತ್ತು. ಅದು ನಗುವಿನ ಹಾಗೆ ಕೇಳಿತೋ ಏನೋ. ತಲೆಯೆತ್ತಿಕೊಂಡೇ ಒಳಗೆ ಬಂದು ಬಾಗಿಲು ಹಾಕಲು ಕೈ ಚಾಚಿದಳು.

"ಮೆಲ್ಲಗೆ ಹಾಕು, ಮಗಳೇ," ಎಂದಳು ಅಜ್ಜಿ, ಮತ್ತೊಂದು ತೆನೆಯನ್ನು ಕೈಗೆತ್ತಿಕೊಳ್ಳುತ್ತ, ಮೊಮ್ಮಗಳ ಹಿಂದಿನ ನೆಲವನ್ನು ನೋಡುತ್ತ. "ಇನ್ನೂ ಮೂವರು ಒಳಗೆ ಬರ್ಬೇಕು… ಬೆರಳು ಸಿಕ್ಕೀತು."